ಭೂಗೋಳ ಕಲಿಸಲು ಯಾವ ಕೋರ್ಸ್ ಮಾಡಲಿ ಎಂದು ಕೇಳಿದ ಇತಿಹಾಸ ಶಿಕ್ಷಕರಿಗೆ

ಇತಿಹಾಸ ಓದಿ ಬಂದವರು ಒಂಬತ್ತು, ಹತ್ತನೆಯ ತರಗತಿಗಳಿಗೆ ಭೂಗೋಳ ಕಲಿಸಬೇಕಾದಾಗ ಯಾವ ಆನ್‌ಲೈನ್ ಪ್ರಮಾಣಪತ್ರದ ಕೋರ್ಸ್ ಒಳ್ಳೆಯದು ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳ ಹಿಂದೆ ನನ್ನ ಸ್ಥಿತಿಯೂ ಇದೇ ಆಗಿತ್ತು. ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದ್ದ ನನಗೆ ಹೊಸದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಹುದ್ದೆ ಸಿಕ್ಕಿತು. ನಮ್ಮಲ್ಲಿ ಆ ಒಂದು ವಿಷಯದೊಳಗೆ ಭೂಗೋಳವೂ ಸೇರಿರುತ್ತದೆ.

ಸೇರಿದ ವರ್ಷವೇ ಐದು ದಿನಗಳ ತರಬೇತಿಗೆ ಹೋದೆ. ಪರದೆಯ ಮೇಲೆ ಸ್ಲೈಡುಗಳು ಸರಿದವು, ನಾನು ಟಿಪ್ಪಣಿ ಬರೆದುಕೊಂಡೆ, ಪ್ರಮಾಣಪತ್ರವೂ ಬಂತು. ಆದರೆ ನೆಲದ ಏರುತಗ್ಗು ತೋರಿಸುವ ಒಂದೇ ಒಂದು ಸ್ಥಳಾಕೃತಿ ನಕ್ಷೆಯನ್ನು ಕೈಯಲ್ಲಿ ಹಿಡಿಯಲಿಲ್ಲ. ಆ ಟಿಪ್ಪಣಿಯ ಧೈರ್ಯದಲ್ಲಿ, ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳ ಪಾಠ ಮಾಡುತ್ತ, ರೇಖೆಗಳು ಹಳ್ಳವನ್ನು ದಾಟುವಲ್ಲಿ ಮೂಡುವ ಮೊನೆಯು ಬಾಣದ ಗುರುತಿನಂತೆ ನೀರು ಹರಿಯುವ ದಿಕ್ಕನ್ನು ತೋರಿಸುತ್ತದೆ ಎಂದು ಹೇಳಿಬಿಟ್ಟೆ. ಹಳ್ಳದ ದಂಡೆಯಲ್ಲೇ ಹೊಲವಿದ್ದ ಹುಡುಗನೊಬ್ಬ ಹಲಗೆಯ ಮೇಲಿನ ಎತ್ತರದ ಅಂಕಿಗಳನ್ನು ನೋಡಿ, "ಸಾರ್, ಹಂಗಾದ್ರೆ ನೀರು ಗುಡ್ಡ ಹತ್ತುತ್ತಲ್ಲ?" ಎಂದ. "ಪುಸ್ತಕದಲ್ಲಿ ಹಾಗೇ ಇದೆ, ಕೂತ್ಕೋ" ಎಂದೆ. ಪುಸ್ತಕದಲ್ಲಿ ಹಾಗಿರಲಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೂ ಅವನು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ತಪ್ಪು ಎಲ್ಲಿತ್ತೆಂದು ವಿವರವಾಗಿಯೇ ಹೇಳುತ್ತೇನೆ. 700 ಮೀಟರ್ ರೇಖೆ ಎಂದರೆ ಅಷ್ಟೇ ಎತ್ತರದ ಜಾಗಗಳನ್ನೆಲ್ಲ ಕೂಡಿಸುವ ಗೆರೆ. ಹಳ್ಳದ ತಳ ಅದರ ದಂಡೆಗಿಂತ ತಗ್ಗು. ಆದ್ದರಿಂದ ಎತ್ತರವನ್ನು ಬಿಟ್ಟುಕೊಡದೆ ಹಳ್ಳ ದಾಟಬೇಕಾದರೆ ಆ ಗೆರೆ ತಳವೇ 700 ಮೀಟರ್ ತಲುಪುವ ತನಕ ಮೇಲ್ಗಡೆಗೆ ಸಾಗಿ, ಅಲ್ಲಿ ದಾಟಿ, ಆಚೆ ದಂಡೆಯಲ್ಲಿ ಹಿಂತಿರುಗಬೇಕು. ಮೊನೆ ತೋರಿಸುವುದು ನೀರು ಬರುವ ಕಡೆಯನ್ನು, ಹೋಗುವ ಕಡೆಯನ್ನಲ್ಲ. ನಾನು ಎರಡು ವರ್ಷ, ಎರಡು ತಂಡದ ಮಕ್ಕಳಿಗೆ ಇದನ್ನು ತಲೆಕೆಳಗಾಗಿ ಕಲಿಸಿದೆ.

ಮೂರನೆಯ ವರ್ಷ ಪಕ್ಕದ ಊರಿನ ಶಾಲೆಯ ಹಿರಿಯ ಭೂಗೋಳ ಶಿಕ್ಷಕಿಯೊಬ್ಬರು ನನ್ನನ್ನು ಕೂರಿಸಿಕೊಂಡು, ದೊಡ್ಡ ಬಾಂಡ್ಲಿಯಲ್ಲಿ ಹಸಿಮಣ್ಣಿನ ಗುಡ್ಡ ಕಟ್ಟಿ, ಅದರ ಮೈಮೇಲೆ ಬೆರಳಿನಿಂದ ಒಂದು ಹಳ್ಳ ಗೀರಿ, ನೀರು ಹೊಯ್ದರು. ನೀರು ಒಂದೊಂದು ಅಂಗುಲ ಏರಿದಾಗಲೂ ಅದರ ಅಂಚಿನಗುಂಟ ರಂಗೋಲಿ ಪುಡಿ ಉದುರಿಸಿದೆವು. ಬೆರಳು ಗೀರಿದ ಕಡೆಯಲ್ಲೆಲ್ಲ ಬಿಳಿ ಗೆರೆ ಗುಡ್ಡದ ತುದಿಯತ್ತ ಮೊನೆಯಾಗಿ ಒಳಸರಿದಿತ್ತು. ಐದು ದಿನದಲ್ಲಿ ಆಗದ್ದು ಅರ್ಧ ಗಂಟೆಯಲ್ಲಿ ಆಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಬೇಕಿರುವುದು ಕೋರ್ಸ್ ಅಲ್ಲ. ನಿಮ್ಮೂರಿನ ನಕ್ಷೆ ಮತ್ತು ಅದನ್ನು ಓದಬಲ್ಲ ಒಬ್ಬ ಸಹೋದ್ಯೋಗಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರ ವೃತ್ತಿ ಅಭಿವೃದ್ಧಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಎನ್ನುತ್ತದೆ. ಅದರಲ್ಲಿ ಹತ್ತು ಗಂಟೆಯಾದರೂ ಬಯಲಿನಲ್ಲಿ ಕಳೆಯದಿದ್ದರೆ ಭೂಗೋಳದವರಿಗೆ ಉಪಯೋಗವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಆನ್‌ಲೈನ್ ತಾಣದಿಂದ ನಿಮ್ಮ ಶಾಲೆ ಇರುವ 1:50,000 ಪ್ರಮಾಣದ ಹಾಳೆಯನ್ನು ಇಳಿಸಿಕೊಳ್ಳಿ. ಅದರಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಶಾಲೆಗೆ ಹತ್ತಿರದ ಹಳ್ಳವನ್ನು ಗುರುತಿಸಿ, ಭಾನುವಾರ ಬೆಳಿಗ್ಗೆ ಅದರ ಗುಂಟ ಮೇಲಕ್ಕೆ ನಡೆಯಿರಿ. ದಂಡೆಯಲ್ಲಿ ಹೊಲವಿರುವ ನಿಮ್ಮ ವಿದ್ಯಾರ್ಥಿ ಯಾರಾದರೂ ಇದ್ದರೆ ಅವನನ್ನೂ ಕರೆದುಕೊಂಡು ಹೋಗಿ.