ವೈಫೈ ಇಲ್ಲದ ಯುಎಸ್‌ಬಿ ಪ್ರಿಂಟರನ್ನು ಮನೆಯ ಬೇರೆ ಲ್ಯಾಪ್‌ಟಾಪ್‌ಗಳಿಂದ ಬಳಸುವುದು ಹೇಗೆ?

ಪ್ರಿಂಟರ್ ಜೋಡಿಸಿರುವ ವಿಂಡೋಸ್ ಕಂಪ್ಯೂಟರಿನಿಂದಲೇ ಅದನ್ನು ಹಂಚಿಕೊಳ್ಳಬಹುದು. ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಶೇರಿಂಗ್ ಟ್ಯಾಬ್‌ನಲ್ಲಿ 'ಶೇರ್ ದಿಸ್ ಪ್ರಿಂಟರ್' ಎಂಬಲ್ಲಿ ಟಿಕ್ ಹಾಕಿ, ಸ್ಪೇಸ್ ಇಲ್ಲದ ಚಿಕ್ಕ ಹೆಸರು ಕೊಡಿ.

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇದಾದ ಮೇಲೆ. ವಿಂಡೋಸ್ 11 ಹೊಸ ವೈಫೈಯನ್ನು ತಾನಾಗಿಯೇ 'ಪಬ್ಲಿಕ್' ಎಂದು ಗುರುತಿಸಿಬಿಡುತ್ತದೆ. ಆಗ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ವ್ಯವಸ್ಥೆ) ಪಕ್ಕದ ಕೋಣೆಯ ಲ್ಯಾಪ್‌ಟಾಪನ್ನೂ ಅಪರಿಚಿತನಂತೆಯೇ ನೋಡುತ್ತದೆ. ಪ್ರಿಂಟರ್ ಇರುವ ಕಂಪ್ಯೂಟರ್, ಲ್ಯಾಪ್‌ಟಾಪ್ ಎರಡರಲ್ಲೂ ವೈಫೈಯನ್ನು 'ಪ್ರೈವೇಟ್'ಗೆ ಬದಲಿಸಿ, 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್' ಆನ್ ಮಾಡಿ. ಲ್ಯಾಪ್‌ಟಾಪ್ ರೌಟರಿನ ಗೆಸ್ಟ್ ವೈಫೈಯಲ್ಲಿದ್ದರೆ ಸಾಮಾನ್ಯವಾಗಿ ಪ್ರಿಂಟರ್ ಕಾಣುವುದೇ ಇಲ್ಲ, ಅದನ್ನೂ ನೋಡಿಕೊಳ್ಳಿ.

ಈಗ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಪ್ರಿಂಟರ್ ಇರುವ ಕಂಪ್ಯೂಟರಿನ ಹೆಸರು ಟೈಪ್ ಮಾಡಿ. ಪ್ರಿಂಟರ್ ಕಂಡರೆ ಡಬಲ್ ಕ್ಲಿಕ್ ಮಾಡಿ. ಪಾಸ್‌ವರ್ಡ್ ಕೇಳಿದರೆ ಪ್ರಿಂಟರ್ ಇರುವ ಕಂಪ್ಯೂಟರಿನ ಖಾತೆಯ ಪಾಸ್‌ವರ್ಡ್ ಬೇಕು, ಪಿನ್ ನಡೆಯದು.

'11ಬಿ' ಎಂದು ಕೊನೆಯಾಗುವ ದೋಷ ಬಂದರೆ ಎರಡೂ ಕಂಪ್ಯೂಟರ್ ಅಪ್‌ಡೇಟ್ ಮಾಡಿ. 2021ರ ಸೆಪ್ಟೆಂಬರ್‌ನ ಸುರಕ್ಷತಾ ಅಪ್‌ಡೇಟ್ ನಂತರ ಕಾಣಿಸಿಕೊಂಡ ತಕರಾರು ಇದು. ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಸಂಗ್ರಹ) ತಿದ್ದಿ ಆ ಸುರಕ್ಷತೆಯನ್ನೇ ತೆಗೆಯುವ ಸಲಹೆ ಎಲ್ಲೆಡೆ ಸಿಗುತ್ತದೆ, ನಾನಂತೂ ಒಪ್ಪುವುದಿಲ್ಲ.

ಪ್ರಿಂಟರ್ ಇರುವ ಕಂಪ್ಯೂಟರ್ ಆನ್ ಇರಲೇಬೇಕು, ಸ್ಲೀಪ್‌ಗೆ ಹೋದರೂ ಪ್ರಿಂಟ್ ಬರುವುದಿಲ್ಲ. ಮೊಬೈಲಿನಿಂದಲೂ ಪ್ರಿಂಟ್ ಬೇಕೆಂದರೆ ಹಳೆಯ ರಾಸ್ಪ್‌ಬೆರಿ ಪೈಗೆ (ಲಿನಕ್ಸ್‌ನಲ್ಲಿ ನಡೆಯುವ ಪುಟ್ಟ ಕಂಪ್ಯೂಟರ್) ಪ್ರಿಂಟರ್ ಜೋಡಿಸಿ, ಪ್ರಿಂಟರ್ ಹಂಚುವ ಕಪ್ಸ್ ತಂತ್ರಾಂಶ ಹಾಕುವುದು ಒಳ್ಳೆಯದು. ನಿಮ್ಮ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಇದೆಯೇ ಎಂದು ಮೊದಲೇ ನೋಡಿ.