ಕೆನೋದಲ್ಲಿ (ಲಾಟರಿಯಂಥ ನಂಬರ್ ಆಟ) ಕಾಂಬಿನೇಷನ್ ಬೆಟ್ ಕಟ್ಟುವುದು ಹೇಗೆ? ಹಾಗೆ ಕಟ್ಟಿದರೆ ಗೆಲ್ಲುವ ಸಾಧ್ಯತೆ ಹೆಚ್ಚುತ್ತದೆಯೇ?

ಕಟ್ಟುವ ವಿಧಾನ ಸುಲಭ, ಐದು ನಿಮಿಷದಲ್ಲಿ ಕಲಿಯಬಹುದು. ಎರಡನೇ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ಹೆಚ್ಚುವುದಿಲ್ಲ. ಯಾಕೆ ಅನ್ನುವುದನ್ನು ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ, ಏಕೆಂದರೆ ಬರೀ ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಕೆನೋದಲ್ಲಿ 1ರಿಂದ 80ರವರೆಗೆ ನಂಬರ್‌ಗಳಿರುತ್ತವೆ, ಪ್ರತಿ ಆಟದಲ್ಲೂ ಅವುಗಳಲ್ಲಿ 20 ಎತ್ತುತ್ತಾರೆ. ಮಾಮೂಲಿ ಟಿಕೆಟ್‌ನಲ್ಲಿ ನೀವು ಗುರುತು ಹಾಕಿದ ನಂಬರ್‌ಗಳೆಲ್ಲ ಸೇರಿ ಒಂದೇ ಬೆಟ್. ಕಾಂಬಿನೇಷನ್ ಟಿಕೆಟ್‌ನಲ್ಲಿ (ಕೆಲವರು ಇದನ್ನು ವೇ ಟಿಕೆಟ್ ಅಂತಲೂ ಕರೆಯುತ್ತಾರೆ) ನಂಬರ್‌ಗಳನ್ನು ಗುಂಪು ಮಾಡಿ ಸುತ್ತ ಗೆರೆ ಹಾಕುತ್ತೀರಿ. ಪ್ರತಿ ಗುಂಪು ಒಂಟಿಯಾಗಿ ಒಂದು ಬೆಟ್ ಆಗಬಹುದು, ಬೇರೆ ಗುಂಪಿನ ಜೊತೆ ಸೇರಿ ಇನ್ನೊಂದು ಬೆಟ್ ಆಗಬಹುದು. ಒಂದೇ ನಂಬರ್‌ಗೆ ಗೆರೆ ಹಾಕಿದರೆ ಅದಕ್ಕೆ ಕಿಂಗ್ ಅನ್ನುತ್ತಾರೆ.

7, 23, 56 ಈ ಮೂರನ್ನೂ ಕಿಂಗ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಒಂಟಿ ಬೆಟ್ ಮೂರು, ಜೋಡಿ ಬೆಟ್ ಮೂರು (7-23, 7-56, 23-56), ಮೂರೂ ಸೇರಿ ಒಂದು, ಒಟ್ಟು 7. ಟಿಕೆಟ್‌ನ ಪಕ್ಕದಲ್ಲಿ ಇದನ್ನು 3/1, 3/2, 1/3 ಅಂತ ಬರೆಯಬೇಕು. ಮೊದಲಿನ ಅಂಕಿ ಎಷ್ಟು ಬೆಟ್, ನಂತರದ್ದು ಒಂದು ಬೆಟ್‌ನಲ್ಲಿ ಎಷ್ಟು ನಂಬರ್. ಬರೆಯದೇ ಇದ್ದದ್ದು ಆಟದಲ್ಲಿ ಇಲ್ಲ. ನಿಮಗೆ ಜೋಡಿಗಳು ಮಾತ್ರ ಸಾಕಾದರೆ 3/2 ಅಂತಷ್ಟೇ ಬರೆದು ಮೂರು ಬೆಟ್‌ಗೆ ದುಡ್ಡು ಕೊಡಿ.

ಈಗ ದುಡ್ಡಿನ ವಿಷಯ. ಪ್ರತಿ ಬೆಟ್‌ಗೆ 1ರಂತೆ ಈ ಟಿಕೆಟ್‌ಗೆ 7 ಕೊಟ್ಟಿದ್ದೀರಿ. ಪೇ ಟೇಬಲ್ (ಎಷ್ಟು ನಂಬರ್ ಬಂದರೆ ಎಷ್ಟು ದುಡ್ಡು ಅನ್ನುವ ಪಟ್ಟಿ) ಹೀಗಿದೆ ಅಂದುಕೊಳ್ಳೋಣ: ಒಂಟಿ ನಂಬರ್ ಬಂದರೆ 3, ಜೋಡಿ ಪೂರ್ತಿ ಬಂದರೆ 12, ಮೂರರ ಬೆಟ್‌ನಲ್ಲಿ ಎರಡು ಬಂದರೆ 1, ಮೂರೂ ಬಂದರೆ 42. ನೀವು ಹಾಕಿದ್ದೂ ಇದರಲ್ಲೇ ಸೇರಿದೆ, ಬೇರೆಯಾಗಿ ವಾಪಸ್ ಬರುವುದಿಲ್ಲ.

ನೂರು ಆಟದಲ್ಲಿ ಸುಮಾರು 42 ಸಲ ನಿಮ್ಮ ಮೂರರಲ್ಲಿ ಒಂದೂ ಬರುವುದಿಲ್ಲ, 7 ಪೂರ್ತಿ ಹೋಯಿತು. ಸುಮಾರು 43 ಸಲ ಒಂದು ನಂಬರ್ ಬರುತ್ತದೆ, ಕೈಗೆ 3 ಸಿಗುತ್ತದೆ. ದಯವಿಟ್ಟು ಇಲ್ಲಿ ಒಂದು ಕ್ಷಣ ನಿಲ್ಲಿ. ಪರದೆಯ ಮೇಲೆ ಅದು ಗೆಲುವು ಅಂತಲೇ ಕಾಣಿಸುತ್ತದೆ, ಆದರೆ ನಿಮ್ಮ 4 ಹೋಗಿದೆ. ಸುಮಾರು 14 ಸಲ ಎರಡು ನಂಬರ್ ಬಂದು 19 ಸಿಗುತ್ತದೆ: ಒಂಟಿಯ 6, ಜೋಡಿಯ 12, ಮೂರರ ಬೆಟ್‌ನ 1. ಮೂರೂ ಬರುವುದು 72 ಆಟಕ್ಕೆ ಒಂದು ಸಲದ ಮಾತು, ಬಂದರೆ 87. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ಹಾಕಿದ 7ಕ್ಕೆ ವಾಪಸ್ ಬರುವುದು ಹೆಚ್ಚುಕಡಿಮೆ 5.14.

ಇದೇ ಏಳು ಬೆಟ್‌ಗಳನ್ನು ಏಳು ಬೇರೆ ಟಿಕೆಟ್‌ಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ನಂಬರ್‌ಗಳ ಮೇಲೆ ಕಟ್ಟಿದರೂ ಸರಾಸರಿ ಅದೇ 5.14. ಒಂದು ಪೈಸೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬದಲಾಗುವುದು ದುಡ್ಡು ಬರುವ ರೀತಿ ಮಾತ್ರ. ಬೇರೆ ಬೇರೆ ಟಿಕೆಟ್‌ನಲ್ಲಿ ಒಂದು ಸೋತರೆ ಇನ್ನೊಂದು ಗೆಲ್ಲಬಹುದು. ಕಾಂಬಿನೇಷನ್‌ನಲ್ಲಿ ಅದೇ ಮೂರು ನಂಬರ್ ಏಳೂ ಕಡೆ ಕೂತಿರುವುದರಿಂದ ಬಂದರೆ ಒಟ್ಟಿಗೆ ಬರುತ್ತದೆ, ಹೋದರೆ ಒಟ್ಟಿಗೆ ಹೋಗುತ್ತದೆ. "ಕಾಂಬಿನೇಷನ್ ಹಾಕಿದವರಿಗೇ ದೊಡ್ಡ ಮೊತ್ತ ಹೊಡೆಯುತ್ತದೆ" ಅನ್ನುವ ಮಾತು ಹುಟ್ಟುವುದೇ ಇಲ್ಲಿಂದ ಅಂತ ನನ್ನ ಅನಿಸಿಕೆ. ದೊಡ್ಡ ಮೊತ್ತ ಬಂದಿದ್ದು ನಿಜ, ಅದಕ್ಕೆ ಮುಂಚಿನ ಖಾಲಿ ಆಟಗಳನ್ನು ಯಾರೂ ಹೇಳುವುದಿಲ್ಲ.

ನಿಜವಾದ ಅನುಕೂಲ ಅಂತ ನಾನು ಒಪ್ಪುವುದು ಎರಡನ್ನೇ. ಹಲವು ಟಿಕೆಟ್ ಬರೆಯುವ ಕೆಲಸ ಉಳಿಯುತ್ತದೆ. ಕೆಲವು ಕಡೆ ಇಂಥ ಟಿಕೆಟ್‌ನಲ್ಲಿ ಪ್ರತಿ ಬೆಟ್‌ನ ಕನಿಷ್ಠ ಮೊತ್ತ ಮಾಮೂಲಿ ಟಿಕೆಟ್‌ಗಿಂತ ಕಡಿಮೆ ಇರುತ್ತದೆ. ಆದರೆ ಎಚ್ಚರ, ಬೆಟ್‌ಗಳ ಸಂಖ್ಯೆ ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ. ಎಲ್ಲ ಜೋಡಣೆಗಳನ್ನೂ ಆಡಿದರೆ 4 ಕಿಂಗ್‌ಗೆ 15 ಬೆಟ್, 5ಕ್ಕೆ 31, 6ಕ್ಕೆ 63, 8ಕ್ಕೆ 255. ಪ್ರತಿಯೊಂದಕ್ಕೂ ಸಣ್ಣ ಮೊತ್ತವೇ ಇರಬಹುದು, ಗುಣಿಸಿ ನೋಡಿ. ನನ್ನ ಸಲಹೆ, ಮೊದಲು ಈ ಆಟಕ್ಕೆ ಒಟ್ಟು ಎಷ್ಟು ಅಂತ ನಿರ್ಧರಿಸಿ, ಅದನ್ನು ಬೆಟ್‌ಗಳ ಸಂಖ್ಯೆಯಿಂದ ಭಾಗಿಸಿ, ಆಮೇಲೆ ಗುಂಪು ಮಾಡಿ.

ಇನ್ನು ಟಿಕೆಟ್ ಕೊಡುವ ಮುಂಚೆ ನಿಯಮಗಳ ಹಾಳೆಯಲ್ಲಿ ಒಂದು ಸಾಲು ಹುಡುಕಿ. ಒಂದು ಆಟದಲ್ಲಿ ಎಲ್ಲ ವಿಜೇತರಿಗೂ ಸೇರಿ ಕೊಡುವ ಹಣಕ್ಕೆ ಹಲವು ಕಡೆ ಗರಿಷ್ಠ ಮಿತಿ ಇರುತ್ತದೆ. ಒಂದೇ ಟಿಕೆಟ್‌ನ ಹಲವು ಬೆಟ್ ಒಟ್ಟಿಗೆ ಗೆಲ್ಲಲಿ ಅಂತ ನೀವು ಆಡುತ್ತಿರುವಾಗ ಆ ಮಿತಿ ನಿಮಗೇ ಮೊದಲು ತಟ್ಟಬಹುದು. ಹಾಗೆಯೇ ಕೌಂಟರ್‌ನಿಂದ ಪ್ರಿಂಟಾಗಿ ಬಂದ ಟಿಕೆಟ್‌ನಲ್ಲಿ ಗುಂಪು, ಬೆಟ್‌ಗಳ ಸಂಖ್ಯೆ, ಒಟ್ಟು ಮೊತ್ತ ನೀವು ಬರೆದ ಹಾಗೇ ಇದೆಯೇ ಅಂತ ನಂಬರ್ ಎತ್ತುವ ಮೊದಲೇ ನೋಡಿಕೊಳ್ಳಿ, ಏಕೆಂದರೆ ಹಣ ಕೊಡುವುದು ಆ ಪ್ರಿಂಟ್ ನೋಡಿಯೇ.