ಬ್ಲಾಕ್ ಆರಿಸುವ ಮೊದಲು ಹಗ್ಗ ಅಳೆಯಿರಿ

ಪ್ರಶ್ನೆ: 18ನೇ ಶತಮಾನದ ಕೊನೆಯ, 74 ಫಿರಂಗಿಗಳ ಬ್ರಿಟಿಷ್ ಯುದ್ಧನೌಕೆಯ ಮಾದರಿಯನ್ನು 1:64 ಅಳತೆಯಲ್ಲಿ ಮಾಡುತ್ತಿದ್ದೇನೆ. ಕಿಟ್‌ನಲ್ಲಿ 3 ಮತ್ತು 5 ಮಿ.ಮೀ. ಬ್ಲಾಕ್‌ಗಳು (ಹಗ್ಗ ಓಡಿಸುವ ಮರದ ರಾಟೆಗಳು) ಮಾತ್ರ ಬಂದಿವೆ. ಕಟ್ಟಿ ನೋಡಿದರೆ ದಾರಕ್ಕೆ ಮಣಿ ಪೋಣಿಸಿದ ಹಾಗಿದೆ. ಸರಿಯಾದ ಅಳತೆ ಗೊತ್ತು ಮಾಡಿಕೊಳ್ಳುವುದು ಹೇಗೆ?

ತಪ್ಪು ನಿಮ್ಮ ಕೈಯದಲ್ಲ, ಆ ಎರಡು ಅಳತೆಗಳದ್ದು. 64ರಿಂದ ಗುಣಿಸಿ ನೋಡಿ. 3 ಮಿ.ಮೀ. ಬ್ಲಾಕ್ ನಿಜವಾದ ಹಡಗಿನಲ್ಲಿ ಏಳೂವರೆ ಅಂಗುಲದ್ದಾಗುತ್ತದೆ, 5 ಮಿ.ಮೀ.ನದು ಹನ್ನೆರಡೂವರೆ. ಅಂಥ ದೊಡ್ಡ ಹಡಗಿನಲ್ಲಿ ಸುಮಾರು ಸಾವಿರ ಬ್ಲಾಕ್‌ಗಳಿರುತ್ತಿದ್ದವು. ಮೇಲಿನ ಪುಟ್ಟ ಹಾಯಿಗಳ ಹಗ್ಗಕ್ಕೆ 5 ಅಂಗುಲದ್ದು ಸಾಕಿತ್ತು. ಹಾಯಿ ತೂಗುಹಾಕುವ ಕೆಳಗಿನ ಭಾರಿ ಅಡ್ಡಮರಗಳನ್ನು ಎತ್ತುವ ಜೀರ್ ಬ್ಲಾಕ್ 20 ಅಂಗುಲ ದಾಟುತ್ತಿತ್ತು. ನಿಮ್ಮ ಮಾದರಿಯಲ್ಲಿ ಇದು 2 ಮಿ.ಮೀ.ನಿಂದ 8 ಮಿ.ಮೀ.ವರೆಗೆ ಹರಡಬೇಕು. ಎರಡೇ ಅಳತೆಯಲ್ಲಿ ಇದೆಲ್ಲ ಮುಗಿಯುವುದಿಲ್ಲ.

ಲೆಕ್ಕ ಶುರುವಾಗುವುದು ಹಗ್ಗದಿಂದ. ಬ್ಲಾಕ್‌ನ ಅಳತೆಯನ್ನು ಅದರೊಳಗೆ ಓಡುವ ಹಗ್ಗವೇ ತೀರ್ಮಾನಿಸುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಆ ಕಾಲದ ಪಟ್ಟಿಗಳಲ್ಲಿ 3 ಅಂಗುಲದ ಹಗ್ಗ ಅಂತಿದ್ದರೆ ಅದು ಸುತ್ತಳತೆ, ವ್ಯಾಸ ಅಲ್ಲ. ವ್ಯಾಸ 1 ಅಂಗುಲಕ್ಕಿಂತ ಸ್ವಲ್ಪ ಕಡಿಮೆ. ಇದನ್ನು ಗಮನಿಸದೆ ಹೋದರೆ ಎಲ್ಲ ಹಗ್ಗವೂ ಮೂರು ಪಟ್ಟು ದಪ್ಪವಾಗಿಬಿಡುತ್ತದೆ.

1794ರಲ್ಲಿ ಲಂಡನ್ನಿನ ಡೇವಿಡ್ ಸ್ಟೀಲ್ ಪ್ರಕಟಿಸಿದ ರಿಗ್ಗಿಂಗ್ (ಹಡಗಿನ ಹಗ್ಗ, ಹಾಯಿಗಳ ಜೋಡಣೆ) ಕೈಪಿಡಿಯಲ್ಲಿ ಲೆಕ್ಕ ಹೀಗಿದೆ: ಒಳಗಿನ ಗಾಲಿಯ ದಪ್ಪ ಹಗ್ಗದ ವ್ಯಾಸಕ್ಕಿಂತ ಹತ್ತನೇ ಒಂದು ಪಾಲು ಜಾಸ್ತಿ. ಗಾಲಿಯ ವ್ಯಾಸ ಆ ದಪ್ಪದ ಐದು ಪಟ್ಟು. ಗಾಲಿ ಕೂರುವ ಸೀಳು ಗಾಲಿಗಿಂತ ಅಂಗುಲದ ಹದಿನಾರನೇ ಒಂದು ಪಾಲು ಅಗಲ. ಬ್ಲಾಕ್‌ನ ಉದ್ದ ಆ ಸೀಳಿನ ಅಗಲದ ಎಂಟು ಪಟ್ಟು. 3 ಅಂಗುಲದ ಹಗ್ಗಕ್ಕೆ ಹಾಕಿ ನೋಡಿದರೆ ಬ್ಲಾಕ್ ಹೆಚ್ಚುಕಡಿಮೆ 9 ಅಂಗುಲ ಬರುತ್ತದೆ. ಅಂದರೆ ಸುತ್ತಳತೆಯ ಮೂರು ಪಟ್ಟು. ದಿನನಿತ್ಯದ ಕೆಲಸಕ್ಕೆ ಇಷ್ಟು ನೆನಪಿದ್ದರೆ ಸಾಕು. 1:64ರಲ್ಲಿ ಆ ಹಗ್ಗ 0.38 ಮಿ.ಮೀ., ಬ್ಲಾಕ್ ಸುಮಾರು 3.6 ಮಿ.ಮೀ.

ಆಕಾರವೂ ಮುಖ್ಯ. ಕಿಟ್‌ನ ಬ್ಲಾಕ್‌ಗಳು ಮಣಿಯ ಹಾಗೆ ಕಾಣುವುದಕ್ಕೆ ಅವುಗಳ ಚೌಕಾಕಾರವೂ ಕಾರಣ. ಒಂದೇ ಗಾಲಿಯ ಸಾಮಾನ್ಯ ಬ್ಲಾಕ್‌ನಲ್ಲಿ ಅಗಲ ಉದ್ದದ ಮುಕ್ಕಾಲು ಪಾಲು, ದಪ್ಪ ಸುಮಾರು ಅರ್ಧ. ಪಕ್ಕದಿಂದ ನೋಡಿದರೆ ಮೊಟ್ಟೆಯಾಕಾರ, ಎರಡೂ ಕೆನ್ನೆ, ಅಂದರೆ ಅಗಲವಾದ ಮುಖಗಳು, ಸ್ವಲ್ಪ ಚಪ್ಪಟೆ. ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಕಿಟ್‌ನ ಬ್ಲಾಕ್‌ಗಳ ಮೂಲೆಗಳನ್ನಾದರೂ ಅರದಿಂದ ಉಜ್ಜಿ ಉರುಟು ಮಾಡಿ. ಒಳಗೆ ಮರಳು ಕಾಗದ ಅಂಟಿಸಿದ ಡಬ್ಬಿಗೆ ಹಾಕಿ ತಿರುಗಿಸುವವರೂ ಇದ್ದಾರೆ. ಸಣ್ಣವಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಪ್ರಶ್ನೆ: ಬ್ಲಾಕ್‌ನ ತೂತು ನಟ್ಟನಡುವೆ ಇಲ್ಲ, ಒಂದು ತುದಿಗೆ ಸರಿದಿದೆ. ಯಾವ ತುದಿ ಮೇಲೆ ಬರಬೇಕು?

ಬ್ಲಾಕ್ ಎಲ್ಲಿಗೆ ಕಟ್ಟಿಕೊಂಡಿದೆಯೋ ಆ ತುದಿಗೆ ತೂತು ಹತ್ತಿರ ಇರಬೇಕು. ಯಾಕೆ ಅಂತ ಯೋಚಿಸಿ. ಅಡ್ಡಮರದಿಂದ ನೇತಾಡುವ ಬ್ಲಾಕ್‌ನಲ್ಲಿ ಹಗ್ಗದ ಎರಡೂ ಎಳೆಗಳು ಕೆಳಕ್ಕೆ ಬರುತ್ತವೆ. ಹಾಗಾಗಿ ಹಗ್ಗ ಗಾಲಿಯ ಮೇಲಿಂದ ಹಾಯುತ್ತದೆ. ಡೆಕ್‌ಗೆ ಕಟ್ಟಿದ ಬ್ಲಾಕ್‌ನಲ್ಲಿ ಎಳೆಗಳು ಮೇಲಕ್ಕೆ ಹೋಗುವುದರಿಂದ ಹಗ್ಗ ಗಾಲಿಯ ಕೆಳಗಿಂದ ಹಾಯುತ್ತದೆ, ಆಗ ತೂತು ಕೆಳಗಿರಬೇಕು. ತಲೆಕೆಳಗಾಗಿ ಕಟ್ಟಿದರೆ ಹಗ್ಗ ಗಾಲಿಯನ್ನು ಬಿಟ್ಟು ಮರವನ್ನು ಉಜ್ಜುತ್ತಿದೆ ಅಂತ ಅರ್ಥ. ಬಹುಮಾನ ಪಡೆದ ಮಾದರಿಗಳಲ್ಲೂ ಇದು ಕಣ್ಣಿಗೆ ಬೀಳುತ್ತದೆ!

ಪ್ರಶ್ನೆ: ಇಷ್ಟು ಚಿಕ್ಕ ಬ್ಲಾಕ್‌ಗಳನ್ನು ಕೈಯಲ್ಲೇ ಮಾಡಲು ಸಾಧ್ಯವೇ?

ಖಂಡಿತ. ಆದರೆ ಒಂದೊಂದನ್ನೇ ಹಿಡಿದು ಕೆತ್ತಲು ಹೋಗಬೇಡಿ, ಬೆರಳೇ ಗಾಯವಾದೀತು. ಬ್ಲಾಕ್‌ನ ಅಗಲ ಮತ್ತು ದಪ್ಪಕ್ಕೆ ಸರಿಯಾದ ಒಂದು ಉದ್ದನೆಯ ಮರದ ಪಟ್ಟಿ ಮಾಡಿಕೊಳ್ಳಿ. ಕೊನೆಯ ಗಳಿಗೆಯವರೆಗೆ ಎಲ್ಲ ಬ್ಲಾಕ್‌ಗಳೂ ಆ ಪಟ್ಟಿಯಲ್ಲೇ ಇರಲಿ.

ಮರ ಬಾಕ್ಸ್‌ವುಡ್ ಅಥವಾ ಪೇರ್ ಆದರೆ ಒಳ್ಳೆಯದು. ನಿಜವಾದ ಬ್ಲಾಕ್‌ನ ಹೊರಕವಚಕ್ಕೆ ಎಲ್ಮ್ ಅಥವಾ ಆ್ಯಶ್ ಮರ ಬಳಸುತ್ತಿದ್ದರು, ಗಾಲಿಗೆ ಲಿಗ್ನಮ್ ವೈಟೇ. ಈ ಗಾಲಿ ಮರದ ಗುಣ ವಿಚಿತ್ರ: ನೀರಿನಲ್ಲಿ ಮುಳುಗುವಷ್ಟು ಭಾರ, ಒಳಗೇ ಎಣ್ಣೆಯಂಥ ಅಂಟು ಇರುವುದರಿಂದ ಬೇಗ ಸವೆಯುವುದಿಲ್ಲ. ನಿಜವಾದ ಮರವನ್ನೇ ಬಳಸಬೇಕು ಅಂತ ಎಲ್ಮ್ ಹುಡುಕಬೇಡಿ. ಅದರ ಎಳೆ ದಪ್ಪ, 3 ಮಿ.ಮೀ.ಗೆ ಇಳಿಸಿದರೆ ಸೀಳಿಹೋಗುತ್ತದೆ. ವಾಲ್‌ನಟ್‌ನದೂ ಅದೇ ಕತೆ.

ಪಟ್ಟಿಯ ಕಿರಿದಾದ ಮುಖದಲ್ಲಿ ಬ್ಲಾಕ್‌ಗಳ ಉದ್ದ ಗುರುತು ಹಾಕಿ. ಮಧ್ಯೆ ಗರಗಸದ ಬಾಯಿಗೆ ಜಾಗ ಬಿಡಿ. ಪ್ರತಿ ಬ್ಲಾಕ್‌ಗೂ ಎರಡೂ ತುದಿಗೆ ಒಂದೊಂದು ತೂತು ಕೊರೆಯಿರಿ. ಎರಡು ಗಾಲಿಯ ಬ್ಲಾಕ್ ಆದರೆ ಪಕ್ಕಪಕ್ಕದಲ್ಲಿ ಎರಡು ಜೋಡಿ. ಸೂಜಿಯ ಮೊನೆಯಿಂದ ಮೊದಲು ಗುಳಿ ಮಾಡಿಕೊಂಡರೆ ಡ್ರಿಲ್ ಜಾರುವುದಿಲ್ಲ. ಆಮೇಲೆ ಎರಡು ತೂತುಗಳ ನಡುವೆ ಎರಡೂ ಬದಿಯಲ್ಲಿ ತೆಳುವಾದ ತೋಡು ಕೆರೆಯಿರಿ. ಈ ತೋಡಿನ ತಳವನ್ನು ಸ್ವಲ್ಪ ಉಬ್ಬಾಗಿ ಬಿಟ್ಟರೆ ಒಳಗೆ ಗಾಲಿ ಕೂತಿರುವ ಹಾಗೇ ಕಾಣುತ್ತದೆ. ಹಗ್ಗ ಹೋಗುವುದು ಒಂದೇ ತೂತಿನಲ್ಲಿ. ಇನ್ನೊಂದು ನೋಟಕ್ಕೆ.

ಈಗ ಬ್ಲಾಕ್‌ಗಳ ನಡುವೆ ಗರಗಸ ಇಳಿಸಿ, ಆದರೆ ಪೂರ್ತಿ ಕತ್ತರಿಸಬೇಡಿ. ಪಟ್ಟಿಯಲ್ಲಿದ್ದಂತೆಯೇ ಮೂಲೆಗಳನ್ನು ಉರುಟು ಮಾಡಿ. ಬ್ಲಾಕ್ ಸುತ್ತ ಬರುವ ಸ್ಟ್ರಾಪ್ ಹಗ್ಗ ಕೂರಲು ಅಗಲವಾದ ಎರಡೂ ಕೆನ್ನೆಗಳ ಮೇಲೆ ನಡುಗೆರೆಯಲ್ಲಿ, ತುದಿಗಳ ಕಡೆಗೆ, ತೋಡು ಬೇಕು. ತುದಿಯಲ್ಲಿ ಆಳ, ಕೆನ್ನೆಯ ಮಧ್ಯಕ್ಕೆ ಬರುವಷ್ಟರಲ್ಲಿ ಮಾಯ. ಕತ್ತರಿಸಿ ಬೇರೆ ಮಾಡಿದ ಮೇಲೆ ತುದಿಗಳ ಮೇಲೂ ಅದೇ ತೋಡನ್ನು ಮುಂದುವರಿಸಿ. ಇದನ್ನು ಬಿಟ್ಟರೆ ಸ್ಟ್ರಾಪ್ ಜಾರಿ ಒಂದು ಪಕ್ಕಕ್ಕೆ ವಾಲುತ್ತದೆ, ಅಂಟು ಹಾಕಿದರೂ.

ಪ್ರಶ್ನೆ: ಇವೇ ಬ್ಲಾಕ್‌ಗಳನ್ನು ಮುಂದೆ ಕಟಿ ಸಾರ್ಕ್ ಮಾದರಿಗೂ ಬಳಸಬಹುದೇ?

ಬೇಡ. ಚಹಾ ಸಾಗಿಸುತ್ತಿದ್ದ ಬ್ರಿಟಿಷ್ ಹಾಯಿಹಡಗು ಕಟಿ ಸಾರ್ಕ್ ನೀರಿಗಿಳಿದದ್ದು 1869ರಲ್ಲಿ. ಅಷ್ಟರಲ್ಲಿ ಹಗ್ಗದ ಸ್ಟ್ರಾಪ್ ಬದಲು ಕಬ್ಬಿಣದ ಪಟ್ಟಿ ಬಂದಿತ್ತು. ಹಿತ್ತಾಳೆಯ ತೆಳು ಪಟ್ಟಿಗೆ ಕಪ್ಪು ಬಳಿದು ಅದನ್ನು ತೋರಿಸಬಹುದು.

ಬ್ಲಾಕ್‌ಗಳ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ತಿರುವು ಇಂಗ್ಲೆಂಡಿನ ನೌಕಾಪಡೆಯ ಹಡಗುಕಟ್ಟೆಯಿದ್ದ ಪೋರ್ಟ್ಸ್‌ಮತ್‌ನದು. ಮಾರ್ಕ್ ಬ್ರೂನೆಲ್ ಯೋಜಿಸಿ, ಹೆನ್ರಿ ಮಾಡ್ಸ್ಲೆ ತಯಾರಿಸಿದ ಯಂತ್ರಗಳು 19ನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಕೆಲಸ ಶುರು ಮಾಡಿದವು. 110 ಕುಶಲ ಕೆಲಸಗಾರರ ಕೆಲಸವನ್ನು 10 ಜನ ಮಾಡಿದರು. 1808ರ ಹೊತ್ತಿಗೆ ವರ್ಷಕ್ಕೆ 1,30,000 ಬ್ಲಾಕ್‌ಗಳು ಹೊರಬರುತ್ತಿದ್ದವು, ಒಂದರಂತೆ ಇನ್ನೊಂದು. ಆದ್ದರಿಂದ ಆಮೇಲಿನ ಬ್ರಿಟಿಷ್ ಯುದ್ಧನೌಕೆಯ ಮಾದರಿಯಲ್ಲಿ ಒಂದು ಅಳತೆಯ ಬ್ಲಾಕ್‌ಗಳೆಲ್ಲ ಒಂದೇ ಥರ ಇದ್ದರೇ ಸರಿ. ಅದಕ್ಕಿಂತ ಹಿಂದಿನ ಹಡಗಾದರೆ, 1628ರ ಸ್ವೀಡನ್ನಿನ ಯುದ್ಧನೌಕೆ ವಾಸಾದಂಥದ್ದಾದರೆ, ಸಣ್ಣಪುಟ್ಟ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ವಾರ್ನಿಶ್ ಹಾಕಬೇಕೇ?

ಹೊಳೆಯುವ ವಾರ್ನಿಶ್ ಬೇಡವೇ ಬೇಡ, ಬ್ಲಾಕ್ ಪ್ಲಾಸ್ಟಿಕ್ ಆಗಿ ಕಾಣುತ್ತದೆ. ತೆಳುವಾಗಿ ಅಗಸೆ ಎಣ್ಣೆ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಎಣ್ಣೆ ಹಚ್ಚುವ ಮೊದಲು ಎಲ್ಲ ತೂತುಗಳಲ್ಲೂ ಒಮ್ಮೆ ಡ್ರಿಲ್ ಆಡಿಸಿ ಪುಡಿ ತೆಗೆಯಿರಿ, ಇಲ್ಲದಿದ್ದರೆ ಅದು ಎಣ್ಣೆಯ ಜೊತೆ ಗಟ್ಟಿಯಾಗುತ್ತದೆ. ಸ್ಟ್ರಾಪ್‌ಗೆ ಡಾಂಬರು ಹಚ್ಚಿದಂಥ ಕಡುಕಂದು ದಾರ, ಒಳಗೆ ಓಡುವ ಹಗ್ಗಕ್ಕೆ ತಿಳಿ ಬಣ್ಣದ ದಾರ.